ಎರಡು ದೊಡ್ಡೂರಿನ ಸೊಸೆಯರು

ನನ್ನ ಹೆಸರು ಸರೋಜಿನಿ. ಈ ವಯಸ್ಸಿನಲ್ಲಿ ಇದನ್ನು ಹೇಳಿಕೊಳ್ಳಬೇಕಾಗಿ ಬಂದಿರುವುದು ಸ್ವಲ್ಪ ಎಂಬರಾಸಿಂಗ್. ಏನು ಮಾಡಲಿ, ನಮ್ಮ ಹುಣಸೂರಿನ ಕಡೆ ಮನೆಗೆ ಬಂದ ಸೊಸೆಯ ಹೆಸರು ಬಳಕೆಗೆ ಬರುವುದಿಲ್ಲ. ತವರೂರೇ ಅವಳ ಹೆಸರು. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಟೀಪಾಟಿಗೆ ಉಲ್ಲನ್ನಿನ ಟೋಪಿ ಹೆಣೆಯಲು ಕಲಿತು ಬಂದ ನಾನು, ಹೊಸಿಲು ದಾಟಿದ ದಿನದಿಂದ ‘ಪಿರಿಯಾಪಟ್ಟಣದೋಳು’.

ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ, ಹೇಗೂ ಹೊರಬೇಕಾದ ಹೆಸರು, ಅರ್ಥವಾದರೂ ತಿಳಿಯೋಣವೆಂದು ಡಿಕ್ಷನರಿ ತೆಗೆದೆ. ಹಳಗನ್ನಡದ ‘ಪಿರಿಯ’ ನಮ್ಮ ಬಾಯಲ್ಲಿ ‘ಹಿರಿಯ’ವಾಯಿತು, ತಮಿಳರು, ಮಲಯಾಳಿಗಳು ‘ಪೆರಿಯ’ ಎಂದೇ ಉಳಿಸಿಕೊಂಡರು. ಅಂತೂ ದೊಡ್ಡ ಪಟ್ಟಣ. ಅದಕ್ಕೂ ಮೊದಲು ಸಿಂಗಪಟ್ಟಣವಾಗಿತ್ತು ಎನ್ನುವವರೂ ಉಂಟು. ಊರಿಗೆ ಹೆಸರು ಬದಲಿಸಿಕೊಳ್ಳುವ ಸೌಲಭ್ಯವಿತ್ತು, ನನಗಿರಲಿಲ್ಲ.

ಈಗ ಈ ವಿಚಾರ ಮತ್ತೆ ತಲೆ ತಿನ್ನುತ್ತಿರುವುದು ಹೊಸ ಸೊಸೆ ಶ್ರೀಜಾಳಿಂದ. ಎಚ್.ಡಿ. ಕೋಟೆಯ ಗಡಿ ದಾಟಿದರೆ ಸಿಗುವ ವಯನಾಡಿನ ಹುಡುಗಿ. ಅವಳ ಊರು, ಕೇಳಿ, ಪೆರಿಯ! ಕಳೆದ ಭಾನುವಾರ ನನ್ನ ಗಂಡನ ಅಕ್ಕ ಅವಳನ್ನು ನೋಡಲು ಹನಗೋಡಿನಿಂದ ಬರುವವರಿದ್ದರು. ಬೆಳಗಿನಿಂದ ಅಡುಗೆಮನೆಗೂ ಗೇಟಿಗೂ ಸುಮ್ಮನೆ ಓಡಾಡಿದೆ. ಅಕ್ಕ ಒಮ್ಮೆ ಏನಾದರೂ ಕರೆದರೆ ಮುಗಿಯಿತು, ನೆಂಟರೆಲ್ಲ ಅದನ್ನೇ ಹಿಡಿಯುತ್ತಾರೆ. ಹುಡುಗಿಯ ಹೆಸರೂ ನನ್ನದರ ಹಾಗೆ ಟ್ರಂಕು ಸೇರುತ್ತದೆ.

ಅಕ್ಕ ಬಂದರು, ಕಾಫಿ ಹೀರಿದರು, ಊರು ಕೇಳಿ ನಕ್ಕರು. “ಬುಡು, ಇವ್ಳೂ ಪಿರಿಯಾಪಟ್ಟಣದೋಳೇ! ನೀನು ದೊಡ್ಡೋಳು, ಇವ್ಳು ಚಿಕ್ಕೋಳು.”

“ಇವಳು ಶ್ರೀಜಾ, ಅಕ್ಕ,” ಎಂದೆ. ಧ್ವನಿ ಬೇಕಾದ್ದಕ್ಕಿಂತ ಏರಿತು.

“ಎಸ್ರಿಡಿದು ಕೂಗಾಕೆ ಇದೇನ್ ಇಸ್ಕೂಲಾ?”

“ನಿಮ್ಮನ್ನ ಹನಗೋಡಲ್ಲಿ ಏನಂತಾರೆ?”

“ಉಣಸೂರೋಳು ಅಂತಾರೆ. ಇನ್ನೇನಂದಾರು?”

“ಪುಟ್ಟತಾಯಮ್ಮ ಅಂತ ಯಾರೂ ಕರೆಯಲ್ವಾ?”

ಅಕ್ಕ ಲೋಟ ಕೆಳಗಿಟ್ಟರು. “ಓಟಿನ್ ದಿನ ಕರೀತಾರೆ ಕಣೆ. ಯಾರನ್ನೋ ಅಂತ ನಾನೂ ಇಂದಕ್ ತಿರುಗಿ ನೋಡ್ತೀನಿ.”

ನಾನು ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ.

ಹೊರಡುವಾಗ ಅವರು ಗೇಟಿನ ಬಳಿ ನಿಂತು, “ಸೀಜಾ, ಬತ್ತೀನಿ ಕಣವ್ವ,” ಎಂದರು. ಉಚ್ಚಾರ ಹೇಗಿದ್ದರೇನು, ಹುಡುಗಿಯ ಮುಖ ಅರಳಿತು. ಆಮೇಲೆ ನನ್ನತ್ತ ತಿರುಗಿ, “ಪಿರಿಯಾಪಟ್ಟಣದೋಳೇ, ನಿನ್ ಮಂಡಿನೋವ್ಗೆ ಎಣ್ಣೆ ಕಳಿಸ್ತೀನಿ,” ಎಂದರು.

ತಿದ್ದಲು ಬಾಯಿ ತೆರೆದೆ. ನನ್ನನ್ನು ಹಾಗೆ ಕರೆಯುತ್ತಿದ್ದ ಅತ್ತೆ, ಮಾವ, ಓರಗಿತ್ತಿಯರು ಯಾರೂ ಈಗಿಲ್ಲ. ಉಳಿದಿರುವ ಬಾಯಿ ಇದೊಂದೇ.

“ಓ,” ಎಂದು ಓಗೊಟ್ಟೆ.