ಪರದೆ ಬಿಚ್ಚಿಸಿದ ಕಾಕಿ

ನಮ್ಮ ಕಾಕಿಯ ಬಲಗೈ ಹೆಬ್ಬೆರಳು ಸದಾ ಅಂಟಂಟು. ತಿಕೋಟಾ ಹತ್ತಿರದ ತನ್ನ ತೋಟದಲ್ಲಿ ಒಣಗಲು ಹಾಕಿದ ದ್ರಾಕ್ಷಿಯನ್ನು ದಿನಕ್ಕೆ ಹತ್ತು ಸಲ ಅದೇ ಬೆರಳಿನಿಂದ ಅದುಮಿ ನೋಡುವಳು. ಶೆಡ್ಡಿನ ಸುತ್ತ ಹಸಿರು ಪರದೆ ಇಳಿಬಿಟ್ಟು ನೆರಳಲ್ಲೇ ಒಣಗಿಸಿದರೆ ಒಣದ್ರಾಕ್ಷಿಗೆ ಬಣ್ಣ. ಬಿಸಿಲು ಬಡಿದರೆ ಕಪ್ಪು. ಯಾರಾದರೂ ಪರದೆಯ ಮೂಲೆ ಸರಿಸಿದರೆ ಸಾಕು, "ಯಾರಲೇ ಅದು, ನನ್ನ ಮಾಲಿನ ಮ್ಯಾಲ ಬಿಸಲಾ ಕರ್ಯಾಕತ್ತವ್ರು?" ಎಂದು ಕೂಗುವಳು. ಕಾಕಾ ತೀರಿಕೊಂಡ ಮೇಲೆ ಆ ತೋಟವೇ ಅವಳ ಸಂಸಾರ. ವಿಜಯಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನಾನು ಹಂಗಾಮಿನಲ್ಲಿ ನಾಲ್ಕು ದಿನ ಹೋಗಿ, ಕೈಲಾದಷ್ಟು ದುಡಿದು, ಹೊಟ್ಟೆತುಂಬ ಬೈಸಿಕೊಂಡು ಬರುತ್ತಿದ್ದೆ.

ಹಾಗೆ ಹೋದಾಗಲೇ, ಒಂದು ಮಧ್ಯಾಹ್ನ, ವಾಯುಪಡೆಯ ಜೆಟ್ ವಿಮಾನವೊಂದು ಬಬಲೇಶ್ವರದ ಕಡೆಯಿಂದ ಓರೆಯಾಗಿ ಬಂದು ಆಚೆಯ ಜೋಳದ ಹೊಲಕ್ಕೆ ಬಡಿಯಿತು. ನೆಲ ನಡುಗಿತು. ಊರೆಲ್ಲ ಹೊಗೆಯತ್ತ ಓಡಿತು. ಪೈಲಟ್ ಬಿದ್ದದ್ದು ಮಾತ್ರ ನಮ್ಮ ಶೆಡ್ಡಿನ ಹಿಂದೆ. ಪ್ಯಾರಾಚೂಟ್ ಪೂರ್ತಿ ಬಿಚ್ಚಿಕೊಂಡಿರಲಿಲ್ಲ. ಕಾಕಿ ಓಡಿಹೋಗಿ ಅವನ ಮೂಗಿನ ಹತ್ತಿರ ಕೈ ಹಿಡಿದು ನೋಡಿದಳು.

"ಉಸರಿಲ್ಲೋ ಯಪ್ಪಾ. ಎಳೀ ಹುಡುಗ."

ನಾನು ಫೋನ್ ತೆಗೆದು ಅವನತ್ತ ಹಿಡಿದೆ. ಹೌದು, ನಾನೇ. ಹೇಳಲು ಇವತ್ತಿಗೂ ನಾಚಿಕೆ.

"ಒಳಗಿಡಲೇ ಅದನ್ನ!" ನಾನು ಗುಂಡಿ ಒತ್ತುವ ಮೊದಲೇ ಕಾಕಿ ನನ್ನ ಕೈಗೆ ಹೊಡೆದಳು. "ಇವರವ್ವ ಈಗ ಎಲ್ಲೋ ಊಟಕ್ಕ ಕುಂತಿರ್ಬೇಕು. ಆಕಿಗೆ ಸುದ್ದಿ ಮುಟ್ಟೂಕಿಂತ ಮೊದ್ಲ ನಿನ್ನ ಮೊಬೈಲ್ ಮುಟ್ಟಬೇಕೇನು?"

ಆಮೇಲೆ ಕೆಲಸದ ಹೆಂಗಸರನ್ನು ಕೂಗಿದಳು. "ಬರ್ರಿ ಎಲ್ಲಾರೂ, ಶೆಡ್ಡಿನ ಪರದೆ ಬಿಚ್ರಿ."

"ಕಾಕಿ, ಮಾಲೆಲ್ಲಾ ಕಪ್ಪಾಗ್ತದ," ಎಂದೆ ನಾನು.

"ಆಗ್ಲಿ. ಬಿಚ್ಚ."

ಪರದೆಯನ್ನು ನಾಲ್ಕು ಮಡಿಕೆ ಮಾಡಿ, ಹುಡುಗನ ಸುತ್ತ ಹಿಡಿದು, ಅವನಿಗೆ ಬೆನ್ನು ಮಾಡಿ ಆರು ಜನ ಹೆಂಗಸರು ಆ ಸುಡುಬಿಸಿಲಲ್ಲಿ ನಿಂತರು. ನಾನೂ ಒಂದು ತುದಿ ಹಿಡಿದೆ. ಸುದ್ದಿ ತಿಳಿದು ಫೋನ್ ಎತ್ತಿಕೊಂಡು ಬಂದವರನ್ನೆಲ್ಲ ಕಾಕಿ, "ಇಲ್ಲೇನೂ ಜಾತ್ರಿ ಇಲ್ಲ, ನಡೀರಿ," ಎಂದು ಅಟ್ಟಿದಳು. ಮಿಲಿಟರಿಯವರು ಬಂದು ಹುಡುಗನನ್ನು ಒಯ್ಯುವವರೆಗೂ ನಾವ್ಯಾರೂ ಕದಲಲಿಲ್ಲ. ಹೊಗೆಯ ವಿಡಿಯೊ ಊರಿನ ಎಲ್ಲರ ಹತ್ತಿರವೂ ಇತ್ತು. ಹುಡುಗನದು ಒಬ್ಬರ ಬಳಿಯೂ ಇರಲಿಲ್ಲ.

ಆ ವರ್ಷ ಅವಳ ಒಣದ್ರಾಕ್ಷಿ ಕಪ್ಪಾಯಿತು. ವ್ಯಾಪಾರಿಗಳು ಮುಖ ಸಿಂಡರಿಸಿದರು. "ಬಿಸಲ ಬಡದೈತ್ರಿ" ಎಂದಳೇ ಹೊರತು, ಯಾಕೆ ಬಡಿಯಿತೆಂದು ಒಬ್ಬರಿಗೂ ಹೇಳಲಿಲ್ಲ. ನನಗೆ ಅಳು ಬಂತು.

ತಿಂಗಳ ಮೇಲೆ ಆ ಹುಡುಗನ ತಾಯಿ ಬಂದರು. ಉತ್ತರದ ಕಡೆಯವರು. ಮಗ ಬಿದ್ದ ಮಣ್ಣನ್ನು ಮುಟ್ಟಿ, ಬಹಳ ಹೊತ್ತು ಕುಳಿತರು. ಕಾಕಿ ಪಕ್ಕದಲ್ಲಿ ಕುಳಿತು ಅವರ ಬೆನ್ನು ಸವರಿದಳು. ಏಳುವಾಗ ಆ ತಾಯಿ ನನ್ನನ್ನು ಹಿಂದಿಯಲ್ಲಿ ಕೇಳಿದರು: "ಅವನನ್ನು ಯಾರಾದರೂ ಫೋನಿನಲ್ಲಿ ಹಿಡಿದಿದ್ದಾರಾ ಮಗಾ? ಎಂದಾದರೂ ಕಣ್ಣಿಗೆ ಬಿದ್ದೀತೆಂದು ಫೋನ್ ತೆರೆಯಲೇ ಹೆದರಿಕೆ."

"ಇಲ್ಲ ತಾಯಿ, ಯಾರೂ ಹಿಡಿದಿಲ್ಲ," ಎಂದೆ.

ಕಾಕಿ ಹೋಗಿ ಈಗ ಎರಡು ವರ್ಷ. ಆ ತಾಯಿಯ ಕಣ್ಣು ನೋಡಿ ನಾನು ಹೇಳಿದ್ದು ಸುಳ್ಳಾಗದ ಹಾಗೆ ಮಾಡಿದವಳು ಅವಳು.