ಗೆರೆಗಳಿಗೆ ಅಂಟಿದ ಹೆಸರು

ಹೊಸಪೇಟೆಯ ಶ್ರೀವಾಣಿ ಗಾಳಿಯ ದೂಳು ಅಳೆಯುವ ಸಣ್ಣ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದಳು. ಸಂಡೂರಿನ ಕಡೆಯಿಂದ ಅದಿರು ಲಾರಿಗಳು ಓಡಾಡುವ ಊರುಗಳಲ್ಲಿ ಯಂತ್ರವಿಟ್ಟು, ಅಂಕಿಸಂಖ್ಯೆ ತಂದು, ಗ್ರಾಫ್ ಮಾಡಿಕೊಡುವುದು ಅವಳ ಪಾಲಿನ ಕೆಲಸ. ಮೊದಲು ಎಕ್ಸೆಲ್‌ನಲ್ಲೇ ಸಲೀಸಾಗಿ ಮುಗಿಯುತ್ತಿತ್ತು. ಹೊಸ ಮ್ಯಾನೇಜರ್ ಶ್ರೀಪತಿ ಬಂದವನೇ, “ಇನ್ನ ಎಲ್ಲಾ ಪೈಥಾನ್‌ದಾಗ ಮಾಡ್ರಿ ಮೇಡಂ, ಭಾಳ ಸುಲಭ ಅದ” ಎಂದ. ಅವನು ಆ ಕಂಪ್ಯೂಟರ್ ಭಾಷೆಯಲ್ಲಿ ಒಂದು ಗೆರೆಯನ್ನೂ ಎಳೆದವನಲ್ಲ.

ಗ್ರಾಫ್ ಎಳೆಯುವ ತಂತ್ರಾಂಶದ ಕೈಪಿಡಿಯಲ್ಲಿ, ತಲೆಬರಹ ಕೊಡಲು ಒಂದು ಪುಟ ‘ಟೈಟಲ್’ ಎಂದರೆ ಇನ್ನೊಂದು ‘ಸೆಟ್ ಟೈಟಲ್’ ಎನ್ನುತ್ತಿತ್ತು. ‘ಆಕ್ಸಿಸ್’ ಎಂದರೆ ಒಂದು ಅಕ್ಷ, ‘ಆಕ್ಸೀಸ್’ ಎಂದರೆ ಇಡೀ ಚಿತ್ರ!

“ಒಂದು ದೀರ್ಘ ಎಳದ್ರ ಅರ್ಥನ ಬ್ಯಾರೆ ಅಂತ! ಇವ್ರಿಗೆ ಇನ್ನೊಂದು ಪದ ಸಿಗ್ಲಿಲ್ಲೇನು?” ಎಂದು ಪಕ್ಕದ ಕುರ್ಚಿಯ ಕನಕರಾಜ್ ಮುಂದೆ ಸಿಡುಕಿದಳು. ಕುರೆಕುಪ್ಪ, ಗಾದಿಗನೂರು ಎರಡೂ ಊರುಗಳ ದೂಳನ್ನು ಒಂದೇ ಗ್ರಾಫಿನಲ್ಲಿ ತೋರಿಸಬೇಕಿತ್ತು. ಊರ ಹೆಸರನ್ನು ಕನ್ನಡದಲ್ಲಿ ಬರೆದರೆ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಬಂದವು. ಫಾಂಟ್ ಬದಲಿಸಿದರೆ ಕುರೆಕುಪ್ಪದ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿತ್ತು. ಅದನ್ನು ಸರಿಪಡಿಸುವಷ್ಟರಲ್ಲಿ ಗಾದಿಗನೂರಿನ ಗ್ರಾಮಸಭೆಯ ಹೊತ್ತಾಗಿ, ಮತ್ತೊಮ್ಮೆ ನೋಡದೆ ಪ್ರಿಂಟ್ ತೆಗೆದುಕೊಂಡು ಓಡಿದಳು.

ಸಭೆಯಲ್ಲಿ ಪಂಚಾಯಿತಿ ಸದಸ್ಯೆ ಚೆನ್ನಬಸಮ್ಮ ಎದ್ದು ನಿಂತರು. “ಏನ್ರಿ ಮೇಡಂ, ಕುರೆಕುಪ್ಪಕ್ಕಿಂತ ನಮ್ಮೂರಾಗ ದೂಳು ಕಡಿಮಿ ಐತೇನು? ಹಂಗಾರ ರಸ್ತೆಗೆ ನೀರು ಹೊಡಿಯೋದು ಬ್ಯಾಡ ಅಂತಾರಲ್ರಿ!”

ಶ್ರೀವಾಣಿ ಗ್ರಾಫ್ ನೋಡಿದಳು. ಅವಳು ಮೊದಲು ಎಳೆದದ್ದು ಕುರೆಕುಪ್ಪದ ಗೆರೆ, ಮೊದಲು ಬರೆದದ್ದು ಗಾದಿಗನೂರಿನ ಹೆಸರು. ಆ ತಂತ್ರಾಂಶ ಕೇಳದೆ ಹೇಳದೆ ಮೊದಲ ಗೆರೆಗೆ ಮೊದಲ ಹೆಸರು ಎಂದು ಸಾಲಾಗಿ ಅಂಟಿಸಿಬಿಟ್ಟಿತ್ತು.

“ಹೆಸರು ಅದಲುಬದಲಾಗ್ಯಾವ್ರಿ. ಮ್ಯಾಲಿನ ಗೆರಿ ನಿಮ್ಮೂರಿಂದು,” ಎಂದು ಎಲ್ಲರೆದುರೇ ಪೆನ್ನಿನಿಂದ ಗೀಚಿ ತಿದ್ದಿದಳು.

“ಕಂಪ್ಯೂಟರ್ ಮಾಡಿದ್ದಲ್ಲೇನ್ರಿ?” ಎಂದ ಹಿಂದೆ ಕುಳಿತಿದ್ದ ಗಾಳೆಪ್ಪ.

“ಅದಕ್ಕ ಹೇಳಿದಾಕಿ ನಾನು. ಹೆಂಗ ಹೇಳ್ಬೇಕು ಅನ್ನೋದನ್ನ ಮಾತ್ರ ಯಾರೂ ನೆಟ್ಟಗ ಬರದಿಲ್ರಿ!”

ಸಭೆ ನಕ್ಕಿತು. ನೀರಿನ ಟ್ಯಾಂಕರಿಗೆ ಠರಾವೂ ಆಯಿತು. ಅವಳಿಗೆ ಮಾತ್ರ ನಗು ಬರಲಿಲ್ಲ.

ಆಫೀಸಿಗೆ ಬಂದು ಹುಡುಕಿದರೆ, ‘ಹೆಸರುಗಳನ್ನು ಬೇರೆ ಪಟ್ಟಿಯಾಗಿ ಕೊಡಬೇಡಿ, ತಪ್ಪು ಗೆರೆಗೆ ಅಂಟಬಹುದು’ ಎಂಬ ಎಚ್ಚರಿಕೆ ಕೈಪಿಡಿಯ ಉದ್ದನೆಯ ಪುಟವೊಂದರ ಬುಡದಲ್ಲಿತ್ತು. ತಂತ್ರಾಂಶ ತಯಾರಿಸಿದವರಿಗೆ ದೂರು ಬರೆದಳು. ‘ಇದು ನಾವು ಅಂದುಕೊಂಡಂತೆಯೇ ನಡೆಯುತ್ತಿದೆ’ ಎಂದು ಉತ್ತರ ಬಂತು.

“ಇವ್ರು ಅಂದ್ಕೊಂಡಿದ್ದು ನನಗ ಹೆಂಗ ಗೊತ್ತಾಗ್ಬೇಕು?” ಎಂದು ಮೇಜು ಕುಟ್ಟಿದವಳು, ಎಚ್ಚರಿಕೆಯನ್ನಾದರೂ ಮೇಲಕ್ಕೆ ತನ್ನಿ ಎಂದು ಮತ್ತೆ ಬರೆದಳು.

ಕೆಲವು ವಾರಗಳ ಮೇಲೆ ಎಚ್ಚರಿಕೆ ಪುಟದ ತಲೆಗೆ ಬಂತು. ಖುಷಿಯಿಂದ ಕನಕರಾಜ್‌ನನ್ನು ಕರೆದು ತೋರಿಸಿದಳು. ಅದರ ಕೆಳಗೆ ಕೊಟ್ಟಿದ್ದ ಉದಾಹರಣೆ ಮಾತ್ರ ಹೆಸರುಗಳನ್ನು ಬೇರೆ ಪಟ್ಟಿಯಾಗಿ ಕೊಡುವ ಹಳೆಯ ಪದ್ಧತಿಯಲ್ಲೇ ಇತ್ತು.