ದವಾಖಾನೆಯ ಸ್ಟೋವು ಕೈಕೊಟ್ಟ ದಿನ

ಯುದ್ಧದ ವರ್ಷಗಳಲ್ಲಿ ನಾನು ಯಲಬುರ್ಗಾ ಕಡೆಯ ಒಂದು ಸಣ್ಣ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಔಷಧ ಕಲಸುವುದು, ಗಾಯ ಕಟ್ಟುವುದು, ಡಾಕ್ಟರರ ಚಾಕು ಸೂಜಿ ಕುದಿಸಿಡುವುದು, ಎಲ್ಲವೂ ನನ್ನದೇ. ಆ ವಾರವಂತೂ ಜ್ವರದವರ ಸಾಲು ಕರಗುತ್ತಲೇ ಇರಲಿಲ್ಲ. ನಿಂತಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು.

ಒಂದು ಮುಂಜಾನೆ ಬಾಣಂತಿಯೊಬ್ಬಳನ್ನು ಅವಳ ತಾಯಿ ಚಕ್ಕಡಿಯಲ್ಲಿ ಕರೆತಂದಳು. ಒಂದು ಎದೆಯಲ್ಲಿ ಕೀವು ತುಂಬಿ, ನೋವಿಗೆ ಕೂಸಿಗೆ ಹಾಲು ಕೊಡಲಾಗದೆ ಮೂರು ದಿನವಾಗಿತ್ತು.

"ಈಗಿಂದೀಗ ಕೊಯ್ದು ಕೀವು ತೆಗೀಬೇಕು. ಚಾಕು ಕುದಿಸ್ರಿ" ಎಂದರು ಡಾಕ್ಟರರು.

ಪಂಪಿನ ಸ್ಟೋವಿಗೆ ಸ್ಪಿರಿಟ್ ಹಾಕಿ ಕಾಯಿಸಿ, ಗಾಳಿ ಒತ್ತಿದೆ. ನೀಲಿ ಉರಿ ಭರ್ರೆಂದು ಎದ್ದಿತು. ಪಾತ್ರೆ ಇಡುವಷ್ಟರಲ್ಲಿ ಹಳದಿಯಾಗಿ, ಚಿಟಪಟ ಎಂದು ಆರಿತು. ಕಸ ಕಟ್ಟಿರಬೇಕೆಂದು ಉರಿ ಬರುವ ತೂತಿಗೆ ಪಿನ್ನು ಚುಚ್ಚಿ ತೆಗೆದೆ. ಹತ್ತಿತು, ಮತ್ತೆ ಆರಿತು. ಪಂಪಿನ ಚರ್ಮದ ವಾಷರ್ ಬಿಚ್ಚಿ ಎಣ್ಣೆ ಸವರಿದೆ. ಗಾಳಿ ಬಿಗಿಯಾಯಿತು, ಉರಿ ಮಾತ್ರ ನಿಲ್ಲಲಿಲ್ಲ. ಒಳಗಿನಿಂದ ಆ ಹೆಣ್ಣುಮಗಳ ನರಳಾಟ ಕೇಳುತ್ತಿತ್ತು. ಸ್ಟೋವನ್ನು ಎತ್ತಿ ಒಗೆಯಬೇಕೆನಿಸಿತು. ಎತ್ತುವ ಕಸುವೂ ಇಲ್ಲದೆ ಅಲ್ಲೇ ಕೂತುಬಿಟ್ಟೆ.

ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಯಪ್ಪಾ, ಅದು ಹತ್ತಂಗಿಲ್ಲೇನ್ರಿ?"

"ಹತ್ತತೈತವ್ವಾ, ನಿಲ್ಲವಲ್ದು."

"ನೀರು ಕುದ್ರ ಆತಲ್ರಿ? ಯಾವ ಬೆಂಕಿಯಾದ್ರೇನು?"

ಅಷ್ಟು ಸರಳ ಸಂಗತಿ ನನಗೆ ಹೊಳೆದಿರಲಿಲ್ಲ. ಅವಳೇ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಹತ್ತಿಕಟ್ಟಿಗೆ ಮುರಿದಿಟ್ಟು, ಕಣ್ಣಲ್ಲಿ ನೀರು ಬರುವಂತೆ ಊದಿದಳು. ನೀರು ಕುದಿಯಿತು. ಡಾಕ್ಟರರು ಕೊಯ್ದು ಕೀವು ತೆಗೆದರು. ಸ್ವಲ್ಪ ಹೊತ್ತಿಗೆ ಬಾಣಂತಿಯ ನರಳಾಟ ನಿಂತಿತು. ಕೂಸನ್ನು ಇನ್ನೊಂದು ಎದೆಗೆ ಹಾಕಿಕೊಂಡು ಹಾಲು ಕುಡಿಸಿದಳು.

ಆಮೇಲೆ ಸ್ಟೋವಿನ ಸೀಮೆಎಣ್ಣೆಯನ್ನು ಗಾಜಿನ ಬಾಟಲಿಗೆ ಬಗ್ಗಿಸಿಟ್ಟೆ. ತುಸು ಹೊತ್ತಿನಲ್ಲಿ ಎಣ್ಣೆಯೊಳಗೆ ಸೇರಿದ್ದ ನೀರು ತಳಕ್ಕೆ ಇಳಿಯಿತು. ಹಿಂದಿನ ದಿನ ಮಳೆ ಬಂದಾಗ, ಸೂರಿನ ನೀರು ಬೀಳುವಲ್ಲಿದ್ದ ಎಣ್ಣೆ ಡಬ್ಬಿಯ ಬಾಯಿ ಮುಚ್ಚುವುದನ್ನು ಮರೆತವನು ನಾನೇ. ಹೋಗಿ ಡಾಕ್ಟರರಿಗೆ ಹೇಳಿದೆ. ಬೈಗುಳ ತಿನ್ನಲು ತಯಾರಾಗಿಯೇ ಹೋಗಿದ್ದೆ.

ಅವರು ನನ್ನ ಮುಖವನ್ನೇ ನೋಡಿದರು. "ನೀವು ನೆಟ್ಟಗ ನಿದ್ದಿ ಮಾಡಿ ಎಷ್ಟು ದಿನಾ ಆತ್ರಿ?"

ಆ ಮಧ್ಯಾಹ್ನ ಔಷಧ ಕೊಡುವ ಕಿಟಕಿಯಲ್ಲಿ ಡಾಕ್ಟರರೇ ಕೂತರು. ನಾನು ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ, ಕೋಟು ಸಹ ಕಳಚದೆ ಮಲಗಿಬಿಟ್ಟೆ.